ಒಂದು ದನಿಯನ್ನು ಕೀಬೋರ್ಡಿಗೆ ಇಳಿಸಿದ ನನ್ನ ಅನುಭವ

ಕಿರುಚಿತ್ರವೊಂದಕ್ಕೆ ಹಿನ್ನೆಲೆ ಸಂಗೀತ ಮಾಡುತ್ತಿದ್ದೆ. ತಾಯಿಯೊಬ್ಬಳು ಬಾವಿಕಟ್ಟೆಯ ಮೇಲೆ ಸುಮ್ನೆ ಕೂತಿರುವ ದೃಶ್ಯ. ಮಾತಿಲ್ಲದ ಒಂಟಿ ಹೆಣ್ಣುದನಿ ಬೇಕಿತ್ತು, ಅದೂ ತೋಡಿ ರಾಗದಲ್ಲಿ. ನನ್ನ ಹತ್ತಿರ ಇದ್ದ ರೆಡಿಮೇಡ್ ವೋಕಲ್ ಲೈಬ್ರರಿಯಲ್ಲಿ (ಮೊದಲೇ ರೆಕಾರ್ಡ್ ಮಾಡಿಟ್ಟ ದನಿಗಳನ್ನು ಕೀಬೋರ್ಡಿನಿಂದ ನುಡಿಸುವ ಸಂಗ್ರಹ) ನುಡಿಸಿದೆ. ದನಿ ಇಂಪಾಗಿತ್ತು, ತೋಡಿ ಮಾತ್ರ ಬರಲಿಲ್ಲ. ತೋಡಿಯ ಗಾಂಧಾರ ಒಂದೇ ಕಡೆ ನಿಲ್ಲುವುದಿಲ್ಲ, ತೂಗುತ್ತಲೇ ಇರುತ್ತದೆ ಅಲ್ವಾ? ನಿಂತ ಸ್ವರವನ್ನು ಕೀಬೋರ್ಡಿನ ಪಿಚ್ ಬೆಂಡ್ ವೀಲ್‌ನಿಂದ (ಸ್ವರವನ್ನು ಏರಿಳಿಸುವ ಚಕ್ರ) ಅಲುಗಿಸಿದರೆ ಸೈರನ್ ಕೂಗಿದ ಹಾಗಾಗುತ್ತದೆ. ಸ್ವರ ಏರುವಾಗ ಗಂಟಲು ಬಣ್ಣವನ್ನೂ ಒತ್ತನ್ನೂ ಬದಲಿಸುತ್ತದೆ. ವೀಲ್ ಬದಲಿಸುವುದು ಎತ್ತರವನ್ನಷ್ಟೇ.

ಹಾಗಾಗಿ ತೋಡಿಯ ಸ್ವರಗಳನ್ನು ಹಾಡಿಸಿ, ರೆಕಾರ್ಡ್ ಮಾಡಿ, ಕೀಬೋರ್ಡಿನ ಮನೆಗಳಿಗೆ ನಾನೇ ಜೋಡಿಸೋಣ ಎಂದು ಪರಿಚಯದ ಗಾಯಕಿಯೊಬ್ಬರನ್ನು ಕೇಳಿಕೊಂಡೆ. ಅವರು ಹಾಡದೇ ಇರುವುದನ್ನೂ ನಾಳೆ ಅವರ ದನಿ ಹಾಡುತ್ತದೆ ಎಂದು ಮೊದಲೇ ಹೇಳಿದೆ. ಸಂಭಾವನೆ, ಯಾವ ಚಿತ್ರಗಳಿಗೆ ಬಳಸಬಹುದು ಎಂಬುದು ಎಲ್ಲ ಬರೆದು ಸಹಿ ಮಾಡಿಕೊಂಡೆವು. ಈ ಕೆಲಸ ಮಾಡುವವರು ಇದನ್ನು ಬಿಡಲೇಬಾರದು.

ಅವರ ಶ್ರುತಿ ಬಿಳಿ ಐದು, ಅಂದರೆ ಕೀಬೋರ್ಡಿನ ಜಿ. ರಾತ್ರಿ ಫ್ಯಾನ್ ಆರಿಸಿ, ಗೋಡೆಗೆ ರಜಾಯಿ ಕಟ್ಟಿ, 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದೆ. ತಂಬೂರ ಹೆಡ್‌ಫೋನಿನಲ್ಲಿ ಮಾತ್ರ.

ಲೆಗಾಟೊ, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದೆ ಹೋಗುವ ಜಿಗಿತಗಳನ್ನು ಒಂದೊಂದಾಗಿ ಹಾಡಿಸುವ ಲೆಕ್ಕ ಹಾಕಿದಾಗ ಗಾಬರಿಯಾಯಿತು. ಒಂದು ಸ್ವರದಿಂದ ಮೇಲೆ 12, ಕೆಳಗೆ 12 ಜಿಗಿತ. 15 ಸ್ವರಕ್ಕೆ 360. ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ಎಂದರೆ 720. ಅದೂ ಬರೀ ಅಕಾರಕ್ಕೆ! ಯಾರ ಗಂಟಲಿಗೂ ಹಾಗೆ ಹಿಂಸೆ ಕೊಡಬಾರದು. ತೋಡಿಯಲ್ಲಿ ನಿಜವಾಗಿ ಬರುವ ನಡೆಗಳನ್ನಷ್ಟೇ ಹಾಡಿಸಿದೆ.

ಗಾಂಧಾರಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಲೂಪ್ ಹಾಕಿದರೆ, ಅಂದರೆ ಒಂದೇ ತುಣುಕನ್ನು ಮತ್ತೆ ಮತ್ತೆ ನುಡಿಸಿದರೆ, ತೂಗು ಯಂತ್ರದಂತಾಗುತ್ತದೆ. ಟೈಮ್ ಸ್ಟ್ರೆಚ್ ಮಾಡಿ ಉದ್ದಕ್ಕೆ ಎಳೆದರೆ ಗಮಕದ, ಅಂದರೆ ಆ ತೂಗಾಟದ, ವೇಗವೇ ಕೆಡುತ್ತದೆ. ಕೊನೆಗೆ ಮೂರು ಉದ್ದಗಳಲ್ಲಿ, ಒಂದೊಂದನ್ನೂ ನಾಲ್ಕು ಸಲ ಹಾಡಿಸಿ, ಕಾಂಟ್ಯಾಕ್ಟ್ ಎಂಬ ಸ್ಯಾಂಪ್ಲರ್ ಸಾಫ್ಟ್‌ವೇರಿನಲ್ಲಿ ಅವು ಸರದಿಯಂತೆ ಬರುವ ಹಾಗೆ ರೌಂಡ್ ರಾಬಿನ್ ಮಾಡಿದೆ. ಒತ್ತಿದಾಗಲೆಲ್ಲ ಬೇರೆ ಗಾಂಧಾರ ಬರುತ್ತದೆ.

ಮೆಲುದನಿಯಿಂದ ಜೋರುದನಿಗೆ ಕೀಬೋರ್ಡಿನ ಇನ್ನೊಂದು ಚಕ್ರವಾದ ಮಾಡ್ ವೀಲ್‌ನಲ್ಲಿ ಕ್ರಾಸ್‌ಫೇಡ್ ಮಾಡಿ (ಒಂದನ್ನು ಇಳಿಸುತ್ತಾ ಇನ್ನೊಂದನ್ನು ಏರಿಸಿ) ನೋಡಿದೆ. ನಡುವೆ ಇಬ್ಬರು ಹಾಡಿದಂತೆ ಕೇಳಿತು. ಕೋರಸ್‌ನಲ್ಲಿ ಇದು ಮುಚ್ಚಿಹೋಗುತ್ತದೆ, ಒಂಟಿ ದನಿಯಲ್ಲಿ ಎದ್ದು ಕಾಣುತ್ತದೆ. ಹಾಗಾಗಿ ಹೊಸ ಸ್ವರ ಒತ್ತುವಾಗ, ವೆಲಾಸಿಟಿ (ಬೆರಳು ಎಷ್ಟು ಜೋರಾಗಿ ಒತ್ತಿತು ಎಂಬುದು) ನೋಡಿ ಮಾತ್ರ ದನಿ ಬದಲಾಗುವಂತೆ ಇಟ್ಟೆ.

ಎಡಿಟ್ ಮಾಡುವಾಗ ಅವರ ಉಸಿರನ್ನೆಲ್ಲ ಕತ್ತರಿಸಿ ಬಿಸಾಡಿದ್ದೆ. ದೃಶ್ಯಕ್ಕೆ ಕೂರಿಸಿದಾಗ ಏನೋ ಕೊರತೆ. ಮೂಲ ಫೈಲಿನಿಂದ ಒಂಬತ್ತು ಉಸಿರು ಹುಡುಕಿ ತೆಗೆದು, ಕೀಬೋರ್ಡಿನ ಕೆಳಗಿನ ಮನೆಗಳಲ್ಲಿ ಇಟ್ಟೆ. ಈಗ ಪ್ರತಿ ಸಾಲಿಗೂ ಮೊದಲು ಎಡಗೈ ಉಸಿರನ್ನು ಒತ್ತುತ್ತದೆ, ಆಮೇಲೆ ಬಲಗೈ ಹಾಡುತ್ತದೆ.