ಹಳೆಯ ಅಂಬಾಸಿಡರ್‌ನಲ್ಲಿ ಹೆಡ್‌ಲೈಟ್ ಮಂಕೇ? ವೋಲ್ಟೇಜ್ ಕಳೆದುಹೋಗುವ ಜಾಗ ಹಿಡಿಯುವ ಬಗೆ

ಹೆಡ್‌ಲೈಟ್ ಮಂಕಾಗಿ, ಸೆಲ್ಫ್ ಎಳೆದಾಡಿಕೊಂಡು ತಿರುಗಿತೆಂದರೆ ಮೊದಲು ಬದಲಾಗುವುದು ಬ್ಯಾಟರಿ. ತಿಂಗಳು ಕಳೆಯುವುದರೊಳಗೆ ಮತ್ತೆ ಅದೇ ಪಾಡು. ಬ್ಯಾಟರಿ ಚಾರ್ಜ್ ಮಾಡಲು ಡೈನಮೊ ಇರುವ ಹಳೆಯ ಅಂಬಾಸಿಡರ್‌ಗಳಲ್ಲಿ ತಪ್ಪು ಹೆಚ್ಚಾಗಿ ಜಾಯಿಂಟುಗಳದ್ದು. ಒಂದು ಮಲ್ಟಿಮೀಟರ್, ಉಪ್ಪುಕಾಗದ, ತುಂಡು ವೈರು ಇದ್ದರೆ ಮನೆಯಲ್ಲೇ ಹಿಡಿಯಬಹುದು.

ಬ್ಯಾಟರಿಯ ಯಾವ ಟರ್ಮಿನಲ್ ಗಾಡಿಯ ಲೋಹದ ಮೈಗೆ (ಅದೇ ಅರ್ಥ್) ಸೇರಿದೆ ಎಂದು ಮೊದಲು ನೋಡಿ. ಬ್ರಿಟಿಷ್ ಮೂಲದ ಹಳೆಯ ಗಾಡಿಗಳಲ್ಲಿ ಪ್ಲಸ್ಸೇ ಅರ್ಥ್ ಆಗಿರುವುದುಂಟು.

ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. 12.4 ಎಂದರೆ ಮುಕ್ಕಾಲು ಚಾರ್ಜ್. 12ಕ್ಕೆ ಇಳಿದಿದ್ದರೆ ಚಾರ್ಜರ್ ಹಾಕಿ ತುಂಬಿಸಿಯೇ ಮುಂದುವರಿಯಿರಿ. ಎಂಜಿನ್ ಸ್ಟಾರ್ಟ್ ಆಗದಂತೆ ಇಗ್ನಿಷನ್ ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ತೆಳು ವೈರ್ ಬಿಚ್ಚಿ ಸೆಲ್ಫ್ ಹೊಡೆಸಿ. ಆಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಸ್ಟಾರ್ಟರ್ ಮೋಟರೇ ಅತಿಯಾಗಿ ಕರೆಂಟ್ ಎಳೆಯುತ್ತಿದೆ.

ಅಸಲಿ ಕೆಲಸ ಇನ್ನು ಮುಂದೆ. ಲೋಡ್ ಇಲ್ಲದಾಗ, ಅಂದರೆ ವೈರಿನಲ್ಲಿ ಕರೆಂಟ್ ಹರಿಯದಿದ್ದಾಗ, ಒಂದೇ ಎಳೆ ಉಳಿದ ವೈರಿನ ತುದಿಯಲ್ಲೂ ಮೀಟರ್ ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಅದನ್ನು ನಂಬಿ ಮೋಸಹೋದವರು ಬಹಳ. ಹಾಗಾಗಿ ಹೈ ಬೀಮ್ ಹಾಕಿ, ಮೀಟರಿನ ಒಂದು ಕಡ್ಡಿಯನ್ನು ಅರ್ಥ್ ಅಲ್ಲದ ಟರ್ಮಿನಲ್‌ಗೆ ಒತ್ತಿ (ಕ್ಲ್ಯಾಂಪಿಗಲ್ಲ, ಸೀಸದ ಮೈಗೇ), ಇನ್ನೊಂದನ್ನು ಬಲ್ಬ್ ಹೋಲ್ಡರಿನ ಹೈ ಬೀಮ್ ಪಿನ್ನಿಗೆ ಒತ್ತಿ. ಬರುವ ಅಂಕಿ ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. 0.5 ದಾಟಿದರೆ ಆ ಕಡ್ಡಿಯನ್ನು ಹಿಂದಕ್ಕೆ ತನ್ನಿ: ಜಾಯಿಂಟ್, ಡಿಪ್ಪರ್ ಸ್ವಿಚ್, ಲೈಟ್ ಸ್ವಿಚ್, ಕೊನೆಗೆ ಕ್ಲ್ಯಾಂಪ್. ಅಂಕಿ ಎಲ್ಲಿ ತಟ್ಟನೆ ಇಳಿಯಿತೋ ರೋಗ ಅಲ್ಲೇ. 60 ವ್ಯಾಟಿನ ಎರಡು ಬಲ್ಬು ಸುಮಾರು 10 ಆಂಪಿಯರ್ ಎಳೆಯುವುದರಿಂದ ಬರೀ 0.1 ಓಮ್ ತುಕ್ಕು ಸಾಕು, 1 ವೋಲ್ಟ್ ಮಾಯ. ಬಲ್ಬಿಗೆ ಶೇ. 10 ವೋಲ್ಟೇಜ್ ಕಮ್ಮಿಯಾದರೆ ಬೆಳಕು ಸುಮಾರು ಶೇ. 30 ಇಳಿಯುತ್ತದೆ.

ಗ್ರಿಲ್ ಹಿಂದಿನ ಬುಲೆಟ್ ಜಾಯಿಂಟುಗಳ (ವೈರಿನ ತುದಿಗಳನ್ನು ಕೊಳವೆಗೆ ತೂರಿಸಿ ಸೇರಿಸಿದ ಜಾಗ) ಮೇಲೆ ವಿಶೇಷ ಗುಮಾನಿ ಇರಲಿ. ಹೊರಗಿನ ರಬ್ಬರ್ ಚೆನ್ನಾಗಿಯೇ ಕಾಣುತ್ತದೆ. ಎಳೆದು ನೋಡಿದರೆ ಒಳಗಿನ ಹಿತ್ತಾಳೆ ಕೊಳವೆಯಲ್ಲಿ ಹಸಿರು ಕಿಲುಬು. ಹತ್ತು ನಿಮಿಷ ಲೈಟ್ ಉರಿಸಿ ಒಂದೊಂದನ್ನೇ ಮುಟ್ಟಿ. ಬಿಸಿಯಾದದ್ದೇ ಕಳ್ಳ.

ಅರ್ಥ್ ಕಡೆಯನ್ನೂ ಹೀಗೇ ಅಳೆಯಿರಿ. ಲೈಟ್ ಉರಿಯುವಾಗ ಬಲ್ಬಿನ ಅರ್ಥ್ ಪಿನ್ನಿಗೂ ಬ್ಯಾಟರಿಯ ಅರ್ಥ್ ಟರ್ಮಿನಲ್‌ಗೂ ನಡುವೆ 0.2 ಮೀರಬಾರದು. ಸೆಲ್ಫ್ ಹೊಡೆಯುವಾಗ ಎಂಜಿನ್ ಬ್ಲಾಕಿಗೂ ಅದೇ ಟರ್ಮಿನಲ್‌ಗೂ ನಡುವೆ 0.3ರ ಒಳಗಿರಲಿ. ಎಂಜಿನ್ ಕುಳಿತಿರುವುದು ರಬ್ಬರ್ ಮೇಲೆ. ಅದನ್ನು ಗಾಡಿಯ ಮೈಗೆ ಸೇರಿಸುವ ಅರ್ಥ್ ಪಟ್ಟಿ ಸಡಿಲವಾದರೆ ಕರೆಂಟ್ ಚೋಕ್ ಕೇಬಲ್ ಹಿಡಿದು ವಾಪಸಾಗುತ್ತದೆ, ಕೇಬಲ್ ಬಿಸಿಯಾಗುತ್ತದೆ. ಪಟ್ಟಿಯ ಬೋಲ್ಟ್ ಬಿಚ್ಚಿ, ಪೇಂಟ್ ಹೋಗಿ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಬಳಿಯಿರಿ.

ಇಷ್ಟಾದ ಮೇಲೆ ಡೈನಮೊ. ಐಡ್ಲಿಂಗ್‌ನಲ್ಲಿ ಅದು ಹೆಚ್ಚುಕಡಿಮೆ ಏನೂ ಕೊಡುವುದಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ದೀಪ ಮಿಣುಕುವುದು ದೋಷವಲ್ಲ. ರೇಸ್ ಮಾಡಿದರೂ ಬ್ಯಾಟರಿಯ ವೋಲ್ಟೇಜ್ ಏರದಿದ್ದರೆ ಬೆಲ್ಟ್ ಒತ್ತಿ ನೋಡಿ, ಅರ್ಧ ಇಂಚು ಬಗ್ಗಿದರೆ ಸರಿ. ಆಮೇಲೆ ಡೈನಮೊದ ಡಿ (ಕರೆಂಟ್ ಹೊರಬರುವುದು), ಎಫ್ (ಫೀಲ್ಡ್ ಕಾಯಿಲಿನದು) ವೈರುಗಳನ್ನು ಕಳಚಿ, ಆ ಎರಡು ಟರ್ಮಿನಲ್‌ಗಳನ್ನು ತುಂಡು ವೈರಿನಿಂದ ಸೇರಿಸಿ, ಅಲ್ಲಿಂದ ಡೈನಮೊದ ಲೋಹದ ಮೈಗೆ ಮೀಟರ್ ಹಿಡಿಯಿರಿ. ಐಡ್ಲಿಂಗ್‌ನಿಂದ ನಿಧಾನಕ್ಕೆ ರೇಸ್ ಮಾಡಿದಂತೆ ಅಂಕಿ ಸರಸರನೆ ಏರಬೇಕು; 20 ವೋಲ್ಟ್ ಮುಟ್ಟಿದೊಡನೆ ನಿಲ್ಲಿಸಿ. ಏನೂ ಬಾರದಿದ್ದರೆ ಕಾರ್ಬನ್ ಬ್ರಶ್, 0.5ರಿಂದ 1 ವೋಲ್ಟಿಗೇ ನಿಂತರೆ ಫೀಲ್ಡ್ ಕಾಯಿಲ್, 4-5ಕ್ಕೆ ನಿಂತರೆ ಆರ್ಮೇಚರ್.

ಡೈನಮೊ ಸರಿಯಿದ್ದೂ ಚಾರ್ಜ್ ಆಗದಿದ್ದರೆ, ಬ್ಯಾಟರಿ ಕಳಚಿಟ್ಟು ಕಟೌಟಿನ (ಡೈನಮೊವನ್ನು ಬ್ಯಾಟರಿಗೆ ಸೇರಿಸಿ ಬಿಡಿಸುವ, ವೋಲ್ಟೇಜ್ ಹತೋಟಿಯಲ್ಲಿಡುವ ಡಬ್ಬಿ) ಪಾಯಿಂಟುಗಳನ್ನು ಉಜ್ಜಿ. ಅದರ ಅಡ್ಜಸ್ಟಿಂಗ್ ಸ್ಕ್ರೂ ಮಾತ್ರ ಅಂದಾಜಿನ ಮೇಲೆ ತಿರುಗಿಸಬೇಡಿ, ಬ್ಯಾಟರಿ ನೀರು ಕುದಿದುಹೋದೀತು. ಡೈನಮೊ ಬಿಚ್ಚಿ ರಿಪೇರಿಯಾಗಿ ಬಂದಿದ್ದರೆ, ಎಫ್ ವೈರ್ ಜೋಡಿಸುವ ಮುನ್ನ ಬ್ಯಾಟರಿಯ ಅರ್ಥ್ ಅಲ್ಲದ ಟರ್ಮಿನಲ್‌ನಿಂದ ಒಂದು ವೈರ್ ತಂದು ಡೈನಮೊದ ಎಫ್‌ಗೆ ಕ್ಷಣಮಾತ್ರ ತಾಗಿಸಿ. ಸಣ್ಣ ಕಿಡಿ ಹಾರುವುದು ಸಹಜ. ಇದನ್ನು ಮರೆತು, ಡೈನಮೊ ಉಲ್ಟಾ ಪೊಲ್ಯಾರಿಟಿ (ಪ್ಲಸ್-ಮೈನಸ್ ಅದಲುಬದಲು) ಹಿಡಿದಿದ್ದರೆ ಕಟೌಟ್ ಪಾಯಿಂಟುಗಳು ಸುಟ್ಟು ಅಂಟಿಕೊಳ್ಳುತ್ತವೆ.