ಕಿಟ್ ವಿಮಾನಕ್ಕೆ ಆಟೋಪೈಲಟ್: ರೆಕ್ಕೆಯ ತಗಡು ಮುಚ್ಚುವ ಮೊದಲು ತೀರ್ಮಾನಿಸಬೇಕಾದದ್ದು

ಅಮೆರಿಕದ ಆರೆಗಾನ್ ರಾಜ್ಯದ ಅರೋರಾದಲ್ಲಿರುವ ವ್ಯಾನ್ಸ್ ಏರ್‌ಕ್ರಾಫ್ಟ್ ಮಾರುವ ಆರ್‌ವಿ-7ರಂತಹ ಎರಡು ಆಸನಗಳ ಕಿಟ್ ವಿಮಾನವನ್ನು ಮನೆಯ ಗ್ಯಾರೇಜಿನಲ್ಲಿ ಕಟ್ಟುವವರು ಸಾಮಾನ್ಯವಾಗಿ ಬಾಲದಿಂದ ಆರಂಭಿಸಿ ರೆಕ್ಕೆ, ಒಡಲು, ಎಂಜಿನ್ ಎಂಬ ಕ್ರಮದಲ್ಲಿ ಮುಂದುವರಿಯುತ್ತಾರೆ. ಪೈಲಟ್‌ನ ಎದುರಿನ ಉಪಕರಣಗಳ ಪ್ಯಾನೆಲ್‌ನ ಸರದಿ ಬರುವುದು ಕೊನೆಗೆ. ಪರದೆ, ರೇಡಿಯೊ, ಜಿಪಿಎಸ್‌ಗಳ ಮಟ್ಟಿಗೆ ಈ ಕ್ರಮ ಸರಿಯಾದದ್ದೇ. ಕಿಟ್ ಮುಗಿಯಲು ವರ್ಷಗಳು ಹಿಡಿಯುತ್ತವೆ; ಮೊದಲೇ ಕೊಂಡಿಟ್ಟ ಪರದೆ ಅಷ್ಟರಲ್ಲಿ ಹಳೆಯದಾಗಿರುತ್ತದೆ, ಅದರ ವಾರಂಟಿಯೂ ಪೆಟ್ಟಿಗೆಯಲ್ಲಿದ್ದಂತೆಯೇ ತೀರಿರಬಹುದು. ಆಟೋಪೈಲಟ್‌ಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ಅದರ ಸರ್ವೊಗಳು, ಎಂದರೆ ನಿಯಂತ್ರಣಗಳನ್ನು ಚಲಿಸುವ ಮೋಟರುಗಳು, ರೆಕ್ಕೆಯ ಮತ್ತು ಹಿಂದೊಡಲಿನ ಒಳಗೆ ಕೂರುತ್ತವೆ, ಅವುಗಳ ತಂತಿಗಳು ಪಕ್ಕೆಲುಬುಗಳ ರಂಧ್ರಗಳಲ್ಲಿ ಹಾದುಹೋಗುತ್ತವೆ, ಮತ್ತು ಆ ಜಾಗಗಳೆಲ್ಲ ರಿವೆಟ್ ಹೊಡೆದು ಮುಚ್ಚಿದ ಮೇಲೆ ಕೈಗೆ ಸುಲಭವಾಗಿ ಎಟುಕುವುದಿಲ್ಲ. ಆದ್ದರಿಂದ ಒಡಲೊಳಗೆ ಹೋಗುವುದನ್ನು ಮೊದಲೇ ನಿರ್ಧರಿಸಿ, ಪ್ಯಾನೆಲ್‌ಗೆ ಹೋಗುವುದನ್ನು ಸಾಧ್ಯವಾದಷ್ಟು ತಡವಾಗಿ ಕೊಳ್ಳುವುದು ನನ್ನ ಖಚಿತ ಸಲಹೆ.

ಮೊದಲ ತೀರ್ಮಾನ ಯಾವ ಬಳಗದ ಸಲಕರಣೆ ಎಂಬುದು. ಗಾರ್ಮಿನ್‌ನ ಜಿ3ಎಕ್ಸ್ ಟಚ್ ಆಗಲಿ, ಡೈನಾನ್‌ನ ಸ್ಕೈವ್ಯೂ ಎಚ್‌ಡಿಎಕ್ಸ್ ಆಗಲಿ, ಆಟೋಪೈಲಟ್ ಪ್ರತ್ಯೇಕವಾಗಿ ನಿಂತ ಪೆಟ್ಟಿಗೆಯಲ್ಲ. ವಿಮಾನದ ಓಲಾಟ, ವೇಗ, ಎತ್ತರಗಳನ್ನು ಅಳೆಯುವ ಸಂವೇದಕದ ಮಾಹಿತಿಯನ್ನೇ ನಂಬಿ ಅದೇ ಸಂಸ್ಥೆಯ ಸರ್ವೊಗಳು ಚಲಿಸುತ್ತವೆ. ಸರ್ವೊ ಆರಿಸಿದಿರಿ ಎಂದರೆ ಪರದೆಯನ್ನೂ ಆರಿಸಿದಂತೆಯೇ. ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ವಿಮಾನವನ್ನು ಯಾವುದಕ್ಕೆ ಬಳಸುತ್ತೀರಿ ಎಂಬುದು. ತಿಳಿಯಾದ ಹವೆಯಲ್ಲಿ ಮಾತ್ರ ಹಾರುವವರಿಗೆ ಪರದೆಯೊಳಗಿನ ಜಿಪಿಎಸ್ ಸಾಕು. ಮೋಡದೊಳಗೆ ಉಪಕರಣಗಳನ್ನೇ ನಂಬಿ ಹಾರಿ, ಜಿಪಿಎಸ್ ಅಪ್ರೋಚ್ (ಜಿಪಿಎಸ್ ತೋರಿಸುವ ಹಾದಿಯಲ್ಲೇ ರನ್‌ವೇಯತ್ತ ಇಳಿಯುವ ವಿಧಾನ) ಮೂಲಕ ಇಳಿಯುವವರಿಗೆ ಗಾರ್ಮಿನ್‌ನ ಜಿಟಿಎನ್ 650ಎಕ್ಸ್‌ಐ ಅಥವಾ ಜಿಪಿಎಸ್ 175ರಂತಹ ಮಾನ್ಯತೆ ಪಡೆದ ನ್ಯಾವಿಗೇಟರ್ ಬೇಕು, ಅದರ ಆದೇಶಗಳನ್ನು ಪರದೆಗೂ ಆಟೋಪೈಲಟ್‌ಗೂ ತಲುಪಿಸಲು ಎಆರ್‌ಐಎನ್‌ಸಿ 429 ಎಂಬ ವಿಮಾನ ಸಲಕರಣೆಗಳ ದತ್ತಾಂಶ ಕೊಂಡಿಯ ಪೆಟ್ಟಿಗೆಯೂ ಬೇಕು. ಇದನ್ನು ಮುಂದೆ ಎಂದಾದರೂ ಸೇರಿಸುವ ಆಲೋಚನೆಯಿದ್ದರೆ ಪ್ಯಾನೆಲ್‌ನಲ್ಲಿ ಜಾಗವನ್ನೂ, ಮೇಲ್ಭಾಗದಲ್ಲಿ ಎರಡನೆಯ ಆಂಟೆನಾದ ಕೇಬಲ್ಲನ್ನೂ ಈಗಲೇ ಬಿಟ್ಟಿರಿ.

ಸರ್ವೊ ಜೋಡಣೆಯೇ ಈ ಕೆಲಸದ ತಿರುಳು. ಆರ್‌ವಿ-7ರಲ್ಲಿ ಓಲಾಟದ ಸರ್ವೊ ಒಂದು ರೆಕ್ಕೆಯೊಳಗೆ ಏಲೆರಾನ್ (ರೆಕ್ಕೆಯ ಹಿಂಚಿನಲ್ಲಿದ್ದು ವಿಮಾನವನ್ನು ಎಡಬಲ ವಾಲಿಸುವ ಫಲಕ) ಬೆಲ್‌ಕ್ರ್ಯಾಂಕಿನ (ಚಲನೆಯ ದಿಕ್ಕು ಬದಲಿಸುವ ತಿರುಗು ತೋಳು) ಬಳಿ, ಮೂತಿಯ ಏರಿಳಿತದ ಸರ್ವೊ ಸಾಮಾನು ಇಡುವ ಜಾಗದ ಹಿಂದಿನ ಗೋಡೆಯಾಚೆ, ಎಲಿವೇಟರ್ (ಮೂತಿಯನ್ನು ಏರಿಸಿ ಇಳಿಸುವ ಬಾಲದ ಫಲಕ) ಬೆಲ್‌ಕ್ರ್ಯಾಂಕಿನ ಬಳಿ ಕೂರುತ್ತದೆ. ಈ ಮಾದರಿಗೆಂದೇ ತಯಾರಾದ ಬ್ರ್ಯಾಕೆಟ್ಟುಗಳು ಸಿಗುತ್ತವೆ. ಸ್ವಂತ ಬ್ರ್ಯಾಕೆಟ್ ಮಾಡಿಕೊಳ್ಳುವ ಆಸೆಯನ್ನು ಬದಿಗಿಡಿ. ಬ್ರ್ಯಾಕೆಟ್ ಕೂರಿಸಿದ ಕೂಡಲೇ ಕಡ್ಡಾಯವಾಗಿ ಮಾಡಬೇಕಾದ ಪರೀಕ್ಷೆಯೊಂದಿದೆ. ಸ್ಟಿಕ್ಕನ್ನು (ಪೈಲಟ್ ಹಿಡಿಯುವ ನಿಯಂತ್ರಣ ಕೋಲು) ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ಒಯ್ಯಿರಿ. ಇನ್ನೊಬ್ಬರು ಟಾರ್ಚ್ ಹಿಡಿದು ಸರ್ವೊದ ತೋಳನ್ನೂ ಅದಕ್ಕೆ ಜೋಡಿಸಿದ ಪುಶ್‌ರಾಡನ್ನೂ (ಚಲನೆ ಸಾಗಿಸುವ ಸರಳು) ನೋಡುತ್ತಿರಲಿ. ಯಾವ ಹಂತದಲ್ಲೂ ತೋಳು ಮತ್ತು ರಾಡ್ ಒಂದೇ ನೇರ ಗೆರೆಗೆ ಹತ್ತಿರವಾಗಬಾರದು. ಆ ಗೆರೆಯನ್ನು ದಾಟಿದರೆ ತೋಳು ಆಚೆ ಮಗ್ಗುಲಿಗೆ ಹೊರಳಿ ಸಿಕ್ಕಿಕೊಳ್ಳುತ್ತದೆ. ಆಗ ಸ್ಟಿಕ್ ಹಿಂದಕ್ಕೆ ಬರುವುದಿಲ್ಲ, ಆಟೋಪೈಲಟ್‌ನ ವಿದ್ಯುತ್ ತೆಗೆದರೂ ಬರುವುದಿಲ್ಲ. ಚಲನೆಯ ಮಿತಿಯನ್ನು ವಿಮಾನದ ಸ್ವಂತ ತಡೆಗಳೇ ನಿರ್ಧರಿಸಬೇಕು, ಸರ್ವೊ ಅದಕ್ಕೆ ಎಂದೂ ತಡೆಯಾಗಬಾರದು. ಫ್ಲ್ಯಾಪ್ (ಇಳಿಯುವಾಗ ರೆಕ್ಕೆಯಿಂದ ಕೆಳಗೆ ಬಾಗಿಸುವ ಫಲಕ) ಇಳಿಸಿ ಒಮ್ಮೆ, ಏರಿಸಿ ಒಮ್ಮೆ, ಏಲೆರಾನ್ ಮತ್ತು ಎಲಿವೇಟರ್ ಎರಡನ್ನೂ ಒಟ್ಟಿಗೆ ತುದಿಗೆ ಒಯ್ದು ಒಮ್ಮೆ ಈ ಪರೀಕ್ಷೆ ಮಾಡಿ. ಬೋಲ್ಟುಗಳ ಟಾರ್ಕ್ (ತಿರುಚುಬಲ) ನೋಡಿ, ಬಣ್ಣದ ಗುರುತು ಹಾಕಿ, ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಪ್ರತಿ ವರ್ಷದ ತಪಾಸಣೆಯಲ್ಲಿ ಆ ಗುರುತು ಸರಿದಿದೆಯೇ ಎಂದು ನೋಡಲು ಅದೇ ಆಧಾರ.

ತಂತಿಗಳ ವಿಚಾರಕ್ಕೆ ಬಂದರೆ, ಗಾರ್ಮಿನ್ ವ್ಯವಸ್ಥೆಯ ಘಟಕಗಳು ಕ್ಯಾನ್ ಬಸ್ ಎಂಬ ಜೋಡಿ ತಂತಿಯ ಮೇಲೆ ಪರಸ್ಪರ ಮಾತಾಡುತ್ತವೆ. ಇದು ಒಂದೇ ಸಾಲಾಗಿ ಹೋಗಬೇಕು, ನಡುವಿನಿಂದ ಕೊಂಬೆಗಳಂತೆ ಕವಲೊಡೆಯಬಾರದು, ಮತ್ತು ಸಾಲಿನ ಎರಡು ತುದಿಗಳಲ್ಲಿ ಮಾತ್ರ 120 ಓಮ್‌ನ ಪ್ರತಿರೋಧಕ ಇರಬೇಕು. ಕಾಗದದ ಮೇಲೆ ಸುಲಭವಾಗಿ ಕಾಣುವ ಈ ನಿಯಮ ವಿಮಾನದೊಳಗೆ ತೊಡಕಾಗುತ್ತದೆ. ಓಲಾಟದ ಸರ್ವೊ ಬಲರೆಕ್ಕೆಯಲ್ಲಿ, ಇನ್ನೊಂದು ಸರ್ವೊ ಹಿಂದೊಡಲಿನಲ್ಲಿ ಇದ್ದರೆ ಅವೇ ಎರಡು ತುದಿಗಳಾಗುತ್ತವೆ, ಪ್ಯಾನೆಲ್ ನಡುವೆ ಬರುತ್ತದೆ, ಇಲ್ಲಿಯವರೆಗೆ ಸರಿ. ಅದೇ ಬಸ್ಸಿಗೆ ಸೇರುವ ಜಿಎಂಯು 11 ಮ್ಯಾಗ್ನೆಟೊಮೀಟರನ್ನು (ಭೂಕಾಂತದಿಂದ ದಿಕ್ಕು ಅಳೆಯುವ ಸಂವೇದಕ) ಎಡರೆಕ್ಕೆಯ ತುದಿಯಲ್ಲಿ ಇಡುತ್ತೇವೆ ಎಂದು ಆಮೇಲೆ ನಿರ್ಧರಿಸಿದರೆ ಮೂರನೆಯ ತುದಿ ಹುಟ್ಟುತ್ತದೆ, ಆಗ ಎಡರೆಕ್ಕೆಯ ತುದಿಯವರೆಗೆ ಹೋದ ತಂತಿ ಮರಳಿ ಒಡಲಿಗೆ ಬಂದು ಸಾಲನ್ನು ಮುಂದುವರಿಸಬೇಕಾಗುತ್ತದೆ. ರೆಕ್ಕೆ ಮತ್ತು ಒಡಲು ಸೇರುವೆಡೆಯ ಕನೆಕ್ಟರಿನಲ್ಲಿ ಅದಕ್ಕೆ ಎರಡರಷ್ಟು ಪಿನ್ನುಗಳು ಬೇಕು. ಆದುದರಿಂದ ರೆಕ್ಕೆಯ ಪಕ್ಕೆಲುಬುಗಳ ನಡುವೆ ಪ್ಲಾಸ್ಟಿಕ್ ಕೊಳವೆ ಎಳೆಯುವ ಮೊದಲೇ ಬಸ್ಸಿನ ಹಾದಿಯನ್ನು ದೊಡ್ಡ ಹಾಳೆಯಲ್ಲಿ ಬರೆಯಿರಿ. ಎಲ್ಲ ಜೋಡಿಸಿದ ಮೇಲೆ ವಿದ್ಯುತ್ ತೆಗೆದು, ಬಸ್ಸಿನ ಎರಡು ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿದರೆ 60 ಓಮ್ ಆಸುಪಾಸು ತೋರಿಸಬೇಕು. 120 ಬಂದರೆ ಒಂದು ತುದಿಯ ಪ್ರತಿರೋಧಕ ಇಲ್ಲ ಅಥವಾ ಸಾಲು ಎಲ್ಲೋ ತುಂಡಾಗಿದೆ. 40 ಬಂದರೆ ಎಲ್ಲೋ ಮೂರನೆಯದು ಸೇರಿಕೊಂಡಿದೆ. ವಿದ್ಯುತ್ತಿನಿಂದ ಚಲಿಸುವ ಟ್ರಿಮ್ಮನ್ನೂ (ಸ್ಟಿಕ್ಕಿನ ಮೇಲಿನ ಒತ್ತಡ ಇಳಿಸುವ ಏರ್ಪಾಡು) ಗಾರ್ಮಿನ್‌ನ ಜಿಎಸ್‌ಎ 28 ಸರ್ವೊವೇ ನಡೆಸಬೇಕೆಂದಿದ್ದರೆ ಟ್ರಿಮ್ ಮೋಟರಿನ ತಂತಿಗಳು ಆ ಸರ್ವೊದ ಮೂಲಕವೇ ಹಾದುಹೋಗಬೇಕು. ಇದೂ ಬಾಲದ ತಂತಿ ಎಳೆಯುವ ಮೊದಲೇ ತಿಳಿದಿರಬೇಕಾದ ಸಂಗತಿ. ಹೆಚ್ಚು ಬಿಸಿ ತಾಳುವ ಟೆಫ್‌ಜೆಲ್ ಹೊದಿಕೆಯ ವಿಮಾನದರ್ಜೆಯ ತಂತಿ, ಒಳ್ಳೆಯ ಕ್ರಿಂಪಿಂಗ್ ಉಪಕರಣ, ಇವೆರಡರ ಬೆಲೆಯಲ್ಲಿ ಚೌಕಾಸಿ ಬೇಡ.

ಮ್ಯಾಗ್ನೆಟೊಮೀಟರಿನ ಜಾಗವನ್ನು ಅವಸರದಲ್ಲಿ ಆರಿಸಿದವರು ಮುಂದೆ ದಿಕ್ಕು ತಪ್ಪಿ ತೋರಿಸುವ ಪರದೆಯೊಂದಿಗೆ ಗುದ್ದಾಡುತ್ತಾರೆ. ಉಕ್ಕಿನ ಪುಶ್‌ರಾಡುಗಳು, ಸರ್ವೊ ಮೋಟರುಗಳು, ಲ್ಯಾಂಡಿಂಗ್ ಲೈಟಿನ ಮತ್ತು ಪಿಟೋ ಹೀಟರಿನ (ವೇಗ ಅಳೆಯುವ ಕೊಳವೆಗೆ ಹಿಮ ಕಟ್ಟದಂತೆ ಬಿಸಿ ಮಾಡುವ ಸಾಧನ) ತಂತಿಗಳು ಇವೆಲ್ಲ ಅದಕ್ಕೆ ಶತ್ರುಗಳು. ಅದನ್ನು ಹಿತ್ತಾಳೆಯ ಸ್ಕ್ರೂಗಳಿಂದಲೇ ಬಿಗಿಯಿರಿ. ದೀಪದ ವಿದ್ಯುತ್ತು ಲೋಹದ ಒಡಲಿನ ಮೂಲಕ ಹಿಂದಿರುಗದಂತೆ ಪ್ರತ್ಯೇಕ ತಂತಿಯಲ್ಲಿ ಮರಳಿಸಿದರೆ ಅರ್ಧ ತೊಂದರೆ ಅಲ್ಲಿಯೇ ಕಳೆಯುತ್ತದೆ. ಡೈನಾನ್‌ನವರ ಸಂವೇದಕದಲ್ಲಿ ದಿಕ್ಸೂಚಿಯೂ ಒಳಗೇ ಇರುವುದರಿಂದ ಆ ಪೆಟ್ಟಿಗೆಯನ್ನೇ ಇಂತಹ ಶಾಂತ ಜಾಗದಲ್ಲಿ, ವಿಮಾನದ ಅಕ್ಷಕ್ಕೆ ಸರಿಯಾಗಿ ಹೊಂದಿಸಿ ಕೂರಿಸಬೇಕಾಗುತ್ತದೆ.

ಎತ್ತರ ಕಾಯುವ ಆಟೋಪೈಲಟ್ ತನಗೆ ಸಿಗುವ ಸ್ಥಿರ ಗಾಳಿಯೊತ್ತಡದಷ್ಟೇ (ವಿಮಾನದ ಸುತ್ತಲಿನ ಗಾಳಿಯ ಒತ್ತಡ) ನಿಖರ. ವ್ಯಾನ್ಸ್ ನಕ್ಷೆಯಲ್ಲಿ ಒಡಲಿನ ಎರಡು ಪಕ್ಕಗಳಲ್ಲಿ ಪಾಪ್ ರಿವೆಟ್ಟಿನ ಗುಮ್ಮಟದಂತಹ ತಲೆಯೇ ಒತ್ತಡದ ರಂಧ್ರವಾಗುತ್ತದೆ. ನೋಡಲು ಅಗ್ಗದ ಉಪಾಯವೆನಿಸಿದರೂ ಆ ಉಬ್ಬು ಲೆಕ್ಕಹಾಕಿಯೇ ಇಟ್ಟದ್ದು. ಚಂದ ಕಾಣಲೆಂದು ತಗಡಿನ ಮಟ್ಟಕ್ಕೆ ನುಣುಪಾದ ರಂಧ್ರ ಹಾಕಿದ ಕೆಲವರ ವಿಮಾನಗಳಲ್ಲಿ ವೇಗ ಮತ್ತು ಎತ್ತರದ ಅಳತೆ ತಪ್ಪಿದ್ದುಂಟು. ನಕ್ಷೆಯಂತೆಯೇ ಮಾಡಿ.

ಆಂಟೆನಾಗಳಲ್ಲಿ ಟ್ರಾನ್ಸ್‌ಪಾಂಡರಿನದು (ರೇಡಾರಿಗೆ ವಿಮಾನದ ಗುರುತು ತಿಳಿಸುವ ಸಾಧನ) ಹೊಟ್ಟೆಯ ಕೆಳಗೆ, ಜಿಪಿಎಸ್‌ನದು ಆಕಾಶ ಕಾಣುವೆಡೆಯಲ್ಲಿ ಇರಲಿ. ಕೇಬಲ್ ಆರ್‌ಜಿ-400 ಇರಲಿ. ವಿದ್ಯುತ್ತಿನ ಲೆಕ್ಕವನ್ನು ಕೋಷ್ಟಕದಲ್ಲಿ ಬರೆದು, ಆಲ್ಟರ್ನೇಟರ್ ಕೆಟ್ಟರೆ ಬ್ಯಾಟರಿಯ ಮೇಲೆ ಏನೇನು ನಡೆಯಬೇಕು, ಏನನ್ನು ನಿಲ್ಲಿಸಬೇಕು ಎಂದು ಗುರುತಿಸಿ. ಪಿಟೋ ಹೀಟರ್ ಒಂದೇ ಸುಮಾರು 10 ಆಂಪಿಯರ್ ಎಳೆಯುವುದರಿಂದ ಅದು ಇಡೀ ಲೆಕ್ಕವನ್ನೇ ಬದಲಿಸುತ್ತದೆ. ಹಿಂದೊಡಲಿಗೆ ಸೇರಿಸುವ ಪ್ರತಿ ವಸ್ತುವೂ ಗುರುತ್ವ ಕೇಂದ್ರವನ್ನು ಹಿಂದಕ್ಕೆ ತಳ್ಳುತ್ತದೆ. ಹಗುರವಾದ ಪ್ರೊಪೆಲರ್ ಹಾಕುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಪ್ಯಾನೆಲ್‌ನ ವಿನ್ಯಾಸಕ್ಕೆ ಮೊದಲು ಮೇಲ್ಛಾವಣಿ ಯಾವುದೆಂದು ನೋಡಿ. ಮುಂದಕ್ಕೆ ಎತ್ತುವ ಗಾಜಿನ ಛಾವಣಿಯಾದರೆ ಅದನ್ನು ತೆರೆದಾಗ ಪ್ಯಾನೆಲ್‌ನ ಹಿಂಬದಿ ಕೈಗೆ ಸಿಗುತ್ತದೆ, ಆದರೆ ಮಳೆನೀರು ಸಲಕರಣೆಗಳ ಮೇಲೆ ಸೋರದಂತೆ ಕಾಯಬೇಕು. ಹಿಂದಕ್ಕೆ ಜಾರುವ ಛಾವಣಿಯಾದರೆ ಮುಂಭಾಗದ ತಗಡು ರಿವೆಟ್ಟಿನಿಂದ ಮುಚ್ಚಿಹೋಗುವುದರಿಂದ, ಬೆನ್ನು ಕೆಳಗೆ ಮಾಡಿ ಮಲಗಿಯೇ ದುರಸ್ತಿ ಮಾಡಬೇಕಾಗುತ್ತದೆ. ಅಂತಹವರು ಪೆಟ್ಟಿಗೆಗಳನ್ನು ಕಳಚಬಹುದಾದ ತಟ್ಟೆಯ ಮೇಲೆ ಜೋಡಿಸಲಿ. ಆಟೋಪೈಲಟ್ ಬಿಡಿಸುವ ಗುಂಡಿ ಸ್ಟಿಕ್ಕಿನ ಮೇಲೆ ಹೆಬ್ಬೆರಳಿಗೆ ಸಿಗಬೇಕು, ಅದರ ಸರ್ಕ್ಯೂಟ್ ಬ್ರೇಕರ್ ಬೆಲ್ಟ್ ಕಟ್ಟಿಕೊಂಡೇ ಎಳೆಯುವಷ್ಟು ಹತ್ತಿರವಿರಬೇಕು, ಬೇರೆ ಬ್ರೇಕರುಗಳ ನಡುವೆ ಕಣ್ಣುಮುಚ್ಚಿ ಗುರುತಿಸುವಂತಿರಬೇಕು.

ವೈರಿಂಗ್ ತಮಗೆ ಒಗ್ಗದು ಎನ್ನುವವರು ಸಿದ್ಧ ಪ್ಯಾನೆಲ್ ಮಾಡಿಕೊಡುವವರಿಂದ ತರಿಸಬಹುದು. ವಿಮಾನದ ಹೆಚ್ಚಿನ ಪಾಲನ್ನು ಹವ್ಯಾಸಿಗಳೇ ಕಟ್ಟಿರಬೇಕೆಂಬ, ಅಮೆರಿಕದ ವಿಮಾನಯಾನ ಪ್ರಾಧಿಕಾರವಾದ ಎಫ್‌ಎಎಯ ಶೇಕಡ 51ರ ನಿಯಮಕ್ಕೆ ಇದರಿಂದ ಧಕ್ಕೆಯಿಲ್ಲ. ಹಾರಾಟಕ್ಕೆ ಕನಿಷ್ಠ ಬೇಕಾದ ಉಪಕರಣಗಳಿಗಿಂತ ಹೆಚ್ಚಿನ ಏವಿಯಾನಿಕ್ಸ್ (ವಿಮಾನದ ಎಲೆಕ್ಟ್ರಾನಿಕ್ ಸಲಕರಣೆ) ಆ ಲೆಕ್ಕಕ್ಕೆ ಸೇರುವುದಿಲ್ಲ. ಆದರೂ ತಂತಿಗಳ ನಕ್ಷೆಯನ್ನು ಕೇಳಿ ಪಡೆದು, ಪ್ರತಿ ತಂತಿಯನ್ನೂ ಅದರೊಡನೆ ತಾಳೆ ನೋಡಿ.

ನೆಲದ ಮೇಲಿನ ಪರೀಕ್ಷೆಯಲ್ಲಿ ಮೊದಲು ದಿಕ್ಕು ಸರಿಯೇ ಎಂದು ನೋಡಬೇಕು: ಬಲಕ್ಕೆ ತಿರುಗೆಂದಾಗ ಸ್ಟಿಕ್ ಬಲಕ್ಕೇ ವಾಲಬೇಕು, ಏರೆಂದಾಗ ಹಿಂದಕ್ಕೇ ಬರಬೇಕು. ಅನಂತರ ಆಟೋಪೈಲಟ್ ಹಿಡಿದಿರುವಾಗಲೇ ಸ್ಟಿಕ್ಕನ್ನು ಎರಡೂ ಕಡೆ ಬಲವಂತವಾಗಿ ಸರಿಸಿ ನೋಡಿ. ಒಂದೇ ಕೈಯಿಂದ ಅದನ್ನು ಮೀರಲು ಆಗದಿದ್ದರೆ ಸರ್ವೊದ ಟಾರ್ಕ್ ತಗ್ಗಿಸಬೇಕು. ಎಂಜಿನ್ ಮತ್ತು ಪ್ರೊಪೆಲರ್ ಜೋಡಿಗೆ ಪ್ರಮಾಣೀಕರಣ ಇದ್ದರೆ ಸಾಮಾನ್ಯವಾಗಿ 25 ಗಂಟೆ, ಇಲ್ಲದಿದ್ದರೆ 40 ಗಂಟೆಗಳ ಪರೀಕ್ಷಾ ಹಾರಾಟದ ಅವಧಿಯ ಮೊದಲ ಭಾಗದಲ್ಲಿ ಆಟೋಪೈಲಟ್ ಬ್ರೇಕರ್ ಎಳೆದೇ ಇರಲಿ. ಕೈಯಾರೆ ಹಾರಿಸಿ ಒಂದು ರೆಕ್ಕೆ ತಾನಾಗಿ ಕೆಳಕ್ಕೆ ವಾಲುವುದನ್ನು ಸರಿಪಡಿಸಿ, ವೇಗಮಾಪಕವನ್ನು ಜಿಪಿಎಸ್‌ನೊಡನೆ ನಾಲ್ಕು ದಿಕ್ಕಿನಲ್ಲಿ ಹೋಲಿಸಿ, ದಿಕ್ಸೂಚಿ ಹೊಂದಿಸಿ ಆದ ಮೇಲಷ್ಟೇ, ಸಾಕಷ್ಟು ಎತ್ತರದಲ್ಲಿ, ಟ್ರಿಮ್ ಮಾಡಿದ ವಿಮಾನದಲ್ಲಿ, ಮೊದಲು ಓಲಾಟವನ್ನು, ಅದು ಹದಕ್ಕೆ ಬಂದ ಬಳಿಕ ಎತ್ತರವನ್ನು ಆಟೋಪೈಲಟ್‌ಗೆ ಒಪ್ಪಿಸಿ. ವಿಮಾನ ಎಡಬಲ ತೂಗಾಡಿದರೆ ಗೇನ್ (ಆಟೋಪೈಲಟ್ ಎಷ್ಟು ಬಿರುಸಾಗಿ ಪ್ರತಿಕ್ರಿಯಿಸಬೇಕೆಂಬ ಅಂಕಿ) ಇಳಿಸಿ, ಸೋಮಾರಿಯಾಗಿ ತಡವರಿಸಿದರೆ ಏರಿಸಿ, ಒಂದು ಬಾರಿಗೆ ಒಂದೇ ಅಂಕಿ ಬದಲಿಸಿ ಬರೆದಿಡಿ. ಹದವಾದ ಮೇಲೆ ಆ ಎಲ್ಲ ಮೌಲ್ಯಗಳನ್ನು ಮೆಮೊರಿ ಕಾರ್ಡಿಗೆ ಉಳಿಸಿ, ಒಂದು ಮುದ್ರಿತ ಪ್ರತಿಯನ್ನು ವಿಮಾನದ ಲಾಗ್‌ಬುಕ್ಕಿನಲ್ಲಿ ಇರಿಸಿ. ಸಾಫ್ಟ್‌ವೇರ್ ಹೊಸದಾಗಿಸಿದಾಗ, ಅಥವಾ ಸರ್ವೊ ಬದಲಿಸಿದಾಗ, ಮೊದಲು ತೆಗೆದು ನೋಡಬೇಕಾದ ಹಾಳೆ ಅದು.