ಮನೆಯ ಅಡುಗೆಗೆ ಜಪಾನಿನ ವಾಗ್ಯು: ಆರಿಸುವ, ಕೊಳ್ಳುವ, ಬೇಯಿಸುವ ಕ್ರಮ

ವಾಗ್ಯುವನ್ನು, ಅಂದರೆ ಜಪಾನಿನ ತಳಿಯ ದನದ ಮಾಂಸವನ್ನು, ಕೊಳ್ಳಲು ಹೊರಟವರು ಅಂಗಡಿಯಲ್ಲಿ ಸಾಮಾನ್ಯವಾಗಿ ಮೊದಲು ಕೇಳುವುದು ‘ಎ5 ಇದೆಯೇ’ ಎಂದು, ಎಂದರೆ ಅತಿ ಮೇಲಿನ ಶ್ರೇಣಿಯದು ಇದೆಯೇ ಎಂದು. ಅದಕ್ಕೂ ಮೊದಲು ಮನೆಯಲ್ಲಿಯೇ ತೀರ್ಮಾನವಾಗಬೇಕಾದ ಎರಡು ಸಂಗತಿಗಳಿವೆ: ಮಾಡುವ ಅಡುಗೆ ಯಾವುದು, ಊಟಕ್ಕೆ ಕೂರುವವರು ಎಷ್ಟು ಮಂದಿ. ಇವೆರಡು ಗೊತ್ತಾದರೆ ಯಾವ ಭಾಗದ ಮಾಂಸ, ಎಷ್ಟು ದಪ್ಪದ ತುಂಡು, ಎಷ್ಟು ತೂಕ ಎಂಬುದು ತಾನಾಗಿ ಹೊಳೆಯುತ್ತದೆ. ಇವು ಗೊತ್ತಿಲ್ಲದೆ ಅಂಗಡಿಯಲ್ಲೇ ಅತ್ಯಂತ ದುಬಾರಿಯಾದುದನ್ನು ತಂದವರು ನಾಲ್ಕು ತುತ್ತಿನಲ್ಲಿ ಜಿಡ್ಡಿಗೆ ಸಾಕೆನಿಸಿ ತಟ್ಟೆ ಸರಿಸುವುದು ಅಪರೂಪವೇನಲ್ಲ.

ಕಾನೂನಿನ ಮಾತನ್ನು ಮೊದಲೇ ಹೇಳಿಬಿಡಬೇಕು. ಭಾರತಕ್ಕೆ ಯಾವುದೇ ರೂಪದಲ್ಲಿ ಗೋಮಾಂಸವನ್ನು ಆಮದು ಮಾಡಿಕೊಳ್ಳುವುದು ನಿಷಿದ್ಧ. ಕರ್ನಾಟಕದಲ್ಲಿ 2020ರ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯೂ ಇದೆ. ಹಾಗಾಗಿ ಜಪಾನಿನಿಂದ ತರಿಸಿದ ವಾಗ್ಯು ಎಂದು ಬೆಂಗಳೂರಿನಲ್ಲಿ ಯಾರಾದರೂ ಮಾರಲು ಬಂದರೆ ನಂಬಬೇಕಾಗಿಲ್ಲ. ಟೋಕಿಯೊದಿಂದ ಊರಿಗೆ ಬರುವವರು ಅದನ್ನು ಸೂಟ್‌ಕೇಸಿನಲ್ಲಿ ತರುವ ಯೋಚನೆಯನ್ನೂ ಮಾಡಬಾರದು. ಇಲ್ಲಿರುವ ವಿವರಗಳು ಜಪಾನ್, ಸಿಂಗಪುರ, ಕೊಲ್ಲಿ ದೇಶಗಳು, ಅಮೆರಿಕ ಮೊದಲಾದೆಡೆ ನೆಲೆಸಿರುವ, ಈ ಮಾಂಸವನ್ನು ಉಣ್ಣುವ ರೂಢಿಯುಳ್ಳ ಕನ್ನಡಿಗರಿಗಾಗಿ.

ಜಪಾನಿನಲ್ಲಿ ವಾಗ್ಯು ಎಂಬ ಹೆಸರು ನಾಲ್ಕು ತಳಿಗಳಿಗೆ ಮಾತ್ರ ಸಲ್ಲುತ್ತದೆ: ಕಪ್ಪು, ಕಂದು, ಕಿರುಗೊಂಬಿನ ಮತ್ತು ಕೊಂಬಿಲ್ಲದ ತಳಿ. ಮಾರುಕಟ್ಟೆಗೆ ಬರುವುದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಕಪ್ಪು ತಳಿಯದೇ. ಇದರ ವಿಶೇಷವೆಂದರೆ ನೆಣವು ತೊಗಲಿನಡಿಯಲ್ಲಷ್ಟೇ ಸೇರದೆ ಮಾಂಸದೊಳಗೆ ಸಣ್ಣ ಸಣ್ಣ ಎಳೆಗಳಾಗಿ ಹರಡಿಕೊಳ್ಳುವುದು. ಆ ನೆಣದಲ್ಲಿ ಓಲಿಕ್ ಆಮ್ಲದ ಅಂಶ ಹೆಚ್ಚಿರುವುದರಿಂದ ಅದು ಬೇರೆ ದನದ ಕೊಬ್ಬಿಗಿಂತ ಕಡಿಮೆ ಶಾಖದಲ್ಲಿಯೇ ಕರಗುತ್ತದೆ, ಬೆರಳಲ್ಲಿ ಹಿಡಿದರೂ ಜಿಡ್ಡಾಗುತ್ತದೆ. ಹುಲ್ಲು, ಜೋಳ, ಬಾರ್ಲಿ, ಬೂಸಾ ತಿನ್ನಿಸಿ ಸುಮಾರು 28ರಿಂದ 30 ತಿಂಗಳವರೆಗೆ ನಿಧಾನವಾಗಿ ಬೆಳೆಸುವುದು ಇದರ ಬೆಲೆಗೆ ಒಂದು ಕಾರಣ. ದನಗಳಿಗೆ ಬಿಯರ್ ಕುಡಿಸಿ, ಸಂಗೀತ ಕೇಳಿಸಿ, ದಿನವೂ ಮೈ ತಿಕ್ಕುತ್ತಾರೆ ಎಂಬ ಕಥೆಯನ್ನು ಹೇಳಿ ಬೆಲೆ ಏರಿಸುವ ವ್ಯಾಪಾರಿಯಿಂದ ದೂರವಿರುವುದು ಒಳ್ಳೆಯದು. ಕೆಲವು ಸಾಕಣೆದಾರರು ಹಾಗೆ ಮಾಡಿರಬಹುದಾದರೂ ಸಾಮಾನ್ಯ ಪದ್ಧತಿ ಅದಲ್ಲ.

ಜಪಾನಿನಲ್ಲಿರುವವರು ಎಚ್ಚರ ವಹಿಸಬೇಕಾದ ಮೊದಲ ಜಾಗ ಸೂಪರ್ ಮಾರ್ಕೆಟ್ಟಿನ ಚೀಟಿ. ‘ಕೊಕುಸಾನ್ ಗ್ಯು’ ಎಂದು ಬರೆದಿದ್ದರೆ ಅದು ದೇಶದೊಳಗೆ ಬೆಳೆದ ದನದ ಮಾಂಸ ಎಂದಷ್ಟೇ ಅರ್ಥ. ಅದು ಹಾಲಿನ ತಳಿಯಾದ ಹೋಲ್‌ಸ್ಟೀನ್ ಹೋರಿಯದಾಗಿರಬಹುದು, ಮಿಶ್ರತಳಿಯದಾಗಿರಬಹುದು. ಚೀಟಿಯಲ್ಲಿ ವಾಗ್ಯು ಎಂದೇ ಬರೆದಿರಬೇಕು. ಅದರ ಪಕ್ಕದಲ್ಲಿ ಹತ್ತು ಅಂಕಿಗಳ ಗುರುತಿನ ಸಂಖ್ಯೆ ಇರುತ್ತದೆ. 2001ರಲ್ಲಿ ಜಪಾನಿನಲ್ಲಿ ಹುಚ್ಚು ಹಸು ರೋಗ ಕಾಣಿಸಿಕೊಂಡ ಬಳಿಕ 2003ರಲ್ಲಿ ಬಂದ ಕಾನೂನಿನ ಪ್ರಕಾರ ಪ್ರತಿಯೊಂದು ದನಕ್ಕೂ ಹುಟ್ಟಿದಾಗಲೇ ಈ ಸಂಖ್ಯೆ ಸಿಗುತ್ತದೆ. ರಾಷ್ಟ್ರೀಯ ಜಾನುವಾರು ತಳಿ ಕೇಂದ್ರದ ಜಾಲತಾಣದಲ್ಲಿ ಆ ಸಂಖ್ಯೆಯನ್ನು ಹಾಕಿದರೆ ದನ ಹುಟ್ಟಿದ ದಿನ, ಹೆಣ್ಣೋ ಗಂಡೋ, ತಳಿ, ಬೆಳೆದ ಪ್ರಾಂತಗಳು, ವಧೆಯಾದ ದಿನ ಎಲ್ಲವೂ ತೆರೆದುಕೊಳ್ಳುತ್ತವೆ. ಕೆಲವೊಮ್ಮೆ ಹಲವು ದನಗಳ ಮಾಂಸಕ್ಕೆ ಸೇರಿ ಒಂದೇ ಗುಂಪಿನ ಸಂಖ್ಯೆ ಇರುವುದುಂಟು. ಕೈಮಾ ಮತ್ತು ಕತ್ತರಿಸುವಾಗ ಉಳಿಯುವ ಚೂರುಗಳಿಗೆ ಈ ನಿಯಮ ಕಡ್ಡಾಯವಿಲ್ಲದ್ದರಿಂದ ಅವುಗಳ ಮೇಲೆ ಸಂಖ್ಯೆ ಕಾಣದಿದ್ದರೆ ಅನುಮಾನಪಡಬೇಕಾಗಿಲ್ಲ.

ಇನ್ನೊಂದು ಮೋಸವಲ್ಲದ ಮೋಸವೂ ಇದೆ. ಸಾಧಾರಣ ಮಾಂಸಕ್ಕೆ ಸೂಜಿಗಳಿಂದ ದನದ ಕೊಬ್ಬನ್ನು ಚುಚ್ಚಿ ತುಂಬಿದ ಸ್ಟೇಕುಗಳು, ಅಂದರೆ ಇಡಿಯಾಗಿ ಕಾವಲಿಯ ಮೇಲೆ ಬೇಯಿಸುವ ದಪ್ಪ ತುಂಡುಗಳು, ನೋಟಕ್ಕೆ ಮೇಲ್ದರ್ಜೆಯ ವಾಗ್ಯುವಿನಂತೆಯೇ ಇರುತ್ತವೆ. ಜಪಾನಿನಲ್ಲಿ ಹಾಗೆ ಮಾಡಿರುವುದನ್ನು ಚೀಟಿಯಲ್ಲಿ ತಿಳಿಸಬೇಕು, ಪೂರ್ತಿ ಬೇಯಿಸಿ ತಿನ್ನಿರಿ ಎಂಬ ಸೂಚನೆಯೂ ಇರಬೇಕು. ಸೂಜಿಯ ಮೂಲಕ ಹೊರಮೈಯ ಸೂಕ್ಷ್ಮಜೀವಿಗಳು ಒಳಗೆ ಹೋಗಿರಬಹುದಾದ ಕಾರಣ ಅಂಥ ತುಂಡನ್ನು ಒಳಗೆ ಕೆಂಪಾಗಿ ಉಳಿಸಿ ತಿನ್ನುವುದು ಅಪಾಯ. ಅತಿ ಅಗ್ಗವಾಗಿಯೂ ಅತಿ ಸುಂದರವಾಗಿಯೂ ಕಾಣುವ ಸ್ಟೇಕಿನ ಹಿಂಭಾಗದ ಸಣ್ಣ ಅಕ್ಷರಗಳನ್ನು ಓದಿಸಿಕೊಂಡು ಕೊಳ್ಳಬೇಕು.

ಇನ್ನು ಶ್ರೇಣಿ. ಜಪಾನಿನ ಮಾಂಸ ಶ್ರೇಣೀಕರಣ ಸಂಘವು ಕೊಡುವ ಎ5, ಬಿ4 ಮುಂತಾದ ಗುರುತಿನಲ್ಲಿ ಅಕ್ಷರ ಬೇರೆ, ಅಂಕಿ ಬೇರೆ. ಅಕ್ಷರವು ಇಡೀ ದೇಹದಿಂದ ಎಷ್ಟು ಮಾಂಸ ಸಿಕ್ಕಿತೆಂಬುದನ್ನು ಹೇಳುತ್ತದೆ; ಸಗಟು ವ್ಯಾಪಾರಿಗೆ ಅದು ಮುಖ್ಯ, ಉಣ್ಣುವವರಿಗೆ ಅದರಿಂದ ಏನೂ ಆಗಬೇಕಾದ್ದಿಲ್ಲ. ಅಂಕಿಯು ಗುಣಮಟ್ಟದ್ದು. ಆರನೆಯ ಮತ್ತು ಏಳನೆಯ ಪಕ್ಕೆಲುಬುಗಳ ನಡುವೆ ಕತ್ತರಿಸಿ, ನೆಣದ ಹರಹು, ಮಾಂಸದ ಬಣ್ಣ ಮತ್ತು ಹೊಳಪು, ಬಿಗಿತ ಮತ್ತು ನಯ, ಕೊಬ್ಬಿನ ಬಣ್ಣ ಮತ್ತು ಗುಣ ಎಂಬ ನಾಲ್ಕನ್ನು ಪರೀಕ್ಷಿಸುತ್ತಾರೆ. ನಾಲ್ಕರಲ್ಲಿ ಅತಿ ಕಡಿಮೆ ಬಂದ ಅಂಕಿಯೇ ಕೊನೆಯ ಅಂಕಿಯಾಗುತ್ತದೆ. ನೆಣದ ಹರಹಿಗೆ ಬಿಎಂಎಸ್ ಎಂಬ 1ರಿಂದ 12ರವರೆಗಿನ ಅಳತೆಯಿದ್ದು, 5ರಿಂದ 7ರವರೆಗೆ ನಾಲ್ಕನೆಯ ದರ್ಜೆ, 8ರಿಂದ 12ರವರೆಗೆ ಐದನೆಯ ದರ್ಜೆ. ಅಂದರೆ ಎ5 ಎಂಬ ಒಂದೇ ಹೆಸರಿನಡಿಯಲ್ಲಿ 8ರ ಮಾಂಸವೂ ಮಾರಾಟವಾಗುತ್ತದೆ, ಬೆಣ್ಣೆಯಂತೆ ಬೆಳ್ಳಗಿರುವ 12ರದೂ ಮಾರಾಟವಾಗುತ್ತದೆ. ಆದ್ದರಿಂದ ದೊಡ್ಡ ಮೊತ್ತ ತೆರುವಾಗ ಬಿಎಂಎಸ್ ಎಷ್ಟೆಂದು ಕೇಳುವುದೇ ಸರಿಯಾದ ಪ್ರಶ್ನೆ. ಇಲ್ಲಿ ಯಾವುದೂ ರುಚಿಯ ಪರೀಕ್ಷೆಯಲ್ಲ ಎಂಬುದನ್ನೂ ಮರೆಯಬಾರದು. ಯಾರೂ ತಿಂದು ನೋಡಿ ಅಂಕ ಕೊಡುವುದಿಲ್ಲ.

ಮನೆಯಲ್ಲಿ ಸ್ಟೇಕ್ ಮಾಡುವವರಿಗೆ ನನ್ನ ಸಲಹೆ ನಾಲ್ಕನೆಯ ದರ್ಜೆ, ಅಥವಾ ಐದರಲ್ಲಿ ಕೆಳಗಿನ 8. ಅದರಲ್ಲಿ ನೆಣದ ಸವಿಯ ಜೊತೆಗೆ ಮಾಂಸದ ರುಚಿಯೂ ನಾಲಗೆಗೆ ಸಿಗುತ್ತದೆ. 11 ಅಥವಾ 12ರದನ್ನು ಒಂದೆರಡು ತೆಳು ಹೋಳುಗಳಷ್ಟು ಸವಿಯಬಹುದೇ ಹೊರತು ಊಟವನ್ನಾಗಿ ಉಣ್ಣಲಾಗದು. ಕಣ್ಣಳತೆಗೆ ಇನ್ನೊಂದು ಗುರುತಿದೆ: ನೆಣವು ದಪ್ಪ ಗೆರೆಗಳಾಗಿ ಓಡಿರುವ ತುಂಡಿಗಿಂತ, ಕೂದಲೆಳೆಯಷ್ಟು ನುಣುಪಾಗಿ ಚದುರಿರುವ ತುಂಡು ಲೇಸು. ಕೊಬ್ಬು ಬಿಳಿ ಅಥವಾ ತಿಳಿ ಕೆನೆ ಬಣ್ಣದ್ದಿರಬೇಕು, ತಟ್ಟೆಯ ತಳದಲ್ಲಿ ಕೆಂಪು ನೀರು ನಿಂತಿರಬಾರದು. ಗಾಳಿ ತೆಗೆದ ಪೊಟ್ಟಣದಲ್ಲಿ ಮಾಂಸ ನೇರಳೆ ಛಾಯೆಗೆ ತಿರುಗಿರುವುದು ಸಹಜ. ಬಿಚ್ಚಿ ಅರ್ಧ ಗಂಟೆ ಇಟ್ಟರೆ ಕೆಂಪು ಮರಳುತ್ತದೆ.

ಊರಿನ ಹೆಸರುಗಳ ವಿಷಯ. ಕೋಬೆ ಎಂಬುದು ತಳಿಯ ಹೆಸರಲ್ಲ. ಹ್ಯೋಗೊ ಪ್ರಾಂತದಲ್ಲಿ ಹುಟ್ಟಿ, ಬೆಳೆದು, ಅಲ್ಲಿಯೇ ವಧೆಯಾದ, ತಾಜಿಮಾ ಎಂಬ ಕಪ್ಪು ವಾಗ್ಯು ವಂಶದ ದನಗಳಲ್ಲಿ ಬಿಎಂಎಸ್ 6 ಮತ್ತು ಅದಕ್ಕಿಂತ ಮೇಲಿರುವುದೂ ಸೇರಿದಂತೆ ಹಲವು ಷರತ್ತುಗಳನ್ನು ದಾಟಿದವುಗಳಿಗೆ ಮಾತ್ರ ಸೇವಂತಿಗೆ ಹೂವಿನ ಮುದ್ರೆ ಬೀಳುತ್ತದೆ. ಅದರ ರಫ್ತು ಆರಂಭವಾದದ್ದೇ 2012ರಲ್ಲಿ. ಅದಕ್ಕೂ ಮುಂಚೆ ಹೊರದೇಶಗಳ ಹೋಟೆಲುಗಳಲ್ಲಿ ಕೋಬೆ ಎಂದು ಬಡಿಸಿದ್ದು ಬೇರೇನೋ. ಮಿಯೆ ಪ್ರಾಂತದ ಮತ್ಸುಸಾಕಾ ಕರು ಹಾಕದ ಕಡಸುಗಳದ್ದು, ಶಿಗಾ ಪ್ರಾಂತದ ಓಮಿ ಹಳೆಯ ಹೆಸರು. ಇವುಗಳ ಬೆಲೆಯಲ್ಲಿ ಹೆಸರಿನ ಪಾಲು ದೊಡ್ಡದು. ಮಿಯಾಜಾಕಿ ಮತ್ತು ಕಾಗೊಶಿಮಾ ಪ್ರಾಂತಗಳ ವಾಗ್ಯು ಹೆಚ್ಚು ಸುಲಭವಾಗಿ ಸಿಗುತ್ತದೆ, ಐದು ವರ್ಷಕ್ಕೊಮ್ಮೆ ನಡೆಯುವ ರಾಷ್ಟ್ರೀಯ ವಾಗ್ಯು ಸ್ಪರ್ಧೆಯಲ್ಲಿ ಮಿಯಾಜಾಕಿ ಸತತವಾಗಿ ಪ್ರಧಾನಮಂತ್ರಿ ಪ್ರಶಸ್ತಿ ಗೆದ್ದಿದೆ. ಮೊದಲ ಬಾರಿ ಕೊಳ್ಳುವವರು ಅಲ್ಲಿಂದಲೇ ಆರಂಭಿಸುವುದು ಜಾಣತನ.

ಜಪಾನಿನ ಹೊರಗೆ ಕೊಳ್ಳುವಾಗ ವಾಗ್ಯು ಎಂಬ ಪದವೊಂದೇ ಸಾಲದು. 1976ರಲ್ಲಿ ನಾಲ್ಕು ಹೋರಿಗಳು ಅಮೆರಿಕಕ್ಕೆ ಹೋದವು, 1990ರ ದಶಕದಲ್ಲಿ ಇನ್ನಷ್ಟು ದನಗಳು ಹೋದವು. ಅವುಗಳ ಸಂತತಿಯೇ ಇಂದು ಅಮೆರಿಕ ಮತ್ತು ಆಸ್ಟ್ರೇಲಿಯದ ವಾಗ್ಯು. ಅಮೆರಿಕದಲ್ಲಿ ಬಹುಪಾಲು ಆಂಗಸ್ ತಳಿಯೊಡನೆ ಬೆರೆತದ್ದು. ಅದು ಕೀಳೆಂದೇನೂ ಅಲ್ಲ, ದೊಡ್ಡ ಸ್ಟೇಕ್ ಬಯಸುವವರಿಗೆ ಅದೇ ಹೆಚ್ಚು ಹಿಡಿಸಬಹುದು. ಆದರೆ ಜಪಾನಿನದರ ಬೆಲೆಗೆ ಅದನ್ನು ಕೊಳ್ಳಬಾರದು. ಆಸ್ಟ್ರೇಲಿಯದ ನೆಣದ ಅಳತೆಯೂ ಬೇರೆಯಾದ್ದರಿಂದ ಅಲ್ಲಿನ 9ನ್ನು ಜಪಾನಿನ 9 ಎಂದು ಓದಿಕೊಳ್ಳುವಂತಿಲ್ಲ. ಜಪಾನಿನದೆಂದು ಹೇಳುವ ವ್ಯಾಪಾರಿಯಿಂದ ಹತ್ತು ಅಂಕಿಗಳ ಸಂಖ್ಯೆಯನ್ನೂ ಶ್ರೇಣಿಯ ಪ್ರಮಾಣಪತ್ರದ ಪ್ರತಿಯನ್ನೂ ಕೇಳಬೇಕು. ಕೊಡಲು ತಡವರಿಸಿದರೆ ಬೇರೆ ಅಂಗಡಿ ನೋಡಬೇಕು. ಮಂಗಳೂರು, ಭಟ್ಕಳದ ಕಡೆಯಿಂದ ಕೊಲ್ಲಿಗೆ ಹೋಗಿರುವವರಿಗೆ ಹಲಾಲ್ ಪ್ರಶ್ನೆ ಸಹಜ. ಕುಮಾಮೊಟೊ ಮುಂತಾದ ಕಡೆ ಹಲಾಲ್ ಪ್ರಮಾಣಪತ್ರ ಪಡೆದ ವಧಾಗಾರಗಳಿವೆ, ಅಲ್ಲಿಂದ ಬಂದ ಮಾಂಸ ದುಬೈಯಂಥ ನಗರಗಳಲ್ಲಿ ದೊರೆಯುತ್ತದೆ. ಜಪಾನಿನ ಸಾಮಾನ್ಯ ಅಂಗಡಿಯಲ್ಲಿ ಸಿಗುವ ವಾಗ್ಯು ಮಾತ್ರ ಹಲಾಲ್ ಅಲ್ಲ.

ಅಡುಗೆಗೆ ತಕ್ಕ ಭಾಗ ಹೀಗೆ. ಸ್ಟೇಕಿಗೆ ಬೆನ್ನಿನ ಸರ್ಲಾಯಿನ್ ಅಥವಾ ಪಕ್ಕೆಲುಬಿನ ಕಡೆಯ ರಿಬ್‌ಐ, ನೆಣ ಕಡಿಮೆ ಬೇಕೆನ್ನುವವರಿಗೆ ಬೆನ್ನೆಲುಬಿನ ಒಳಬದಿಯ ಮೆತ್ತಗಿನ ಟೆಂಡರ್ಲಾಯಿನ್ ಇಲ್ಲವೆ ಸೊಂಟದ ಕೊನೆಯ ಇಚಿಬೊ. ದಪ್ಪ ಒಂದೂವರೆಯಿಂದ ಎರಡು ಸೆಂಟಿಮೀಟರ್. ಸಕ್ಕರೆ ಮತ್ತು ಸೋಯಾ ಸಾಸಿನಲ್ಲಿ ಬೇಯಿಸುವ ಸುಕಿಯಾಕಿಗೆ ಭುಜದ ಭಾಗವನ್ನು ಎರಡು ಮೂರು ಮಿಲಿಮೀಟರ್ ಹೋಳುಗಳಾಗಿ, ಕುದಿಯುವ ಸಾರಿನಲ್ಲಿ ಅದ್ದಿ ತಿನ್ನುವ ಶಾಬುಶಾಬುಗೆ ಅದಕ್ಕಿಂತಲೂ ತೆಳುವಾಗಿ ಕೊಯ್ಯಿಸಬೇಕು. ಮನೆಯ ಚಾಕುವಿನಲ್ಲಿ ಇಷ್ಟು ತೆಳುವಾಗಿ ಕೊಯ್ಯುವುದು ಆಗದ ಕೆಲಸ, ಅಂಗಡಿಯ ಯಂತ್ರಕ್ಕೇ ಬಿಡಬೇಕು. ಒಬ್ಬರಿಗೆ 100ರಿಂದ 150 ಗ್ರಾಂ ಸಾಕು. ಕಡಿಮೆ ಖರ್ಚಿನಲ್ಲಿ ರುಚಿ ನೋಡಬೇಕೆನ್ನುವವರಿಗೆ ಕಿರಿಒತೊಶಿ ಎಂಬ ಚೂರುಗಳ ಪೊಟ್ಟಣ ಉತ್ತಮ. ಅದೇ ದನದ ಮಾಂಸ, ಆಕಾರವಷ್ಟೇ ಅಡ್ಡಾದಿಡ್ಡಿ. ವರ್ಷದ ಕೊನೆಯಲ್ಲಿ ಮರದ ಪೆಟ್ಟಿಗೆಯಲ್ಲಿ ಬರುವ ಉಡುಗೊರೆಯ ವಾಗ್ಯುವನ್ನು ಮನೆಗೆಂದು ಕೊಳ್ಳುವುದರಲ್ಲಿ ಅರ್ಥವಿಲ್ಲ, ಪೆಟ್ಟಿಗೆಯನ್ನು ಬೇಯಿಸಲಾಗದು.

ಜಪಾನಿನಲ್ಲಿ ದುಡಿದು ನಿವಾಸ ತೆರಿಗೆ ಕಟ್ಟುವವರಿಗೆ ‘ಫುರುಸಾತೊ ನೋಜೆಯ್’ ಎಂಬ ದಾರಿಯೂ ಇದೆ. ತಮಗೆ ಬೇಕಾದ ಊರಿನ ಆಡಳಿತಕ್ಕೆ ದೇಣಿಗೆ ಕೊಟ್ಟರೆ, ಮಿತಿಯೊಳಗೆ 2,000 ಯೆನ್ ಹೊರತು ಉಳಿದದ್ದು ತೆರಿಗೆಯಲ್ಲಿ ಕಳೆಯುತ್ತದೆ; ದೇಣಿಗೆಯ ನೂರಕ್ಕೆ ಮೂವತ್ತು ಮೀರದ ಬೆಲೆಯ ಮರುಕೊಡುಗೆ ಮನೆಗೆ ಬರುತ್ತದೆ. ಮಿಯಾಜಾಕಿಯ ಮಿಯಾಕೊನೊಜೊ ನಗರವು ವಾಗ್ಯುವಿನಿಂದಲೇ ಇದರಲ್ಲಿ ಹೆಸರಾಗಿದೆ. ಫ್ರೀಜರಿನಲ್ಲಿ ಜಾಗ ಮಾಡಿಕೊಂಡ ನಂತರವೇ ಅರ್ಜಿ ಹಾಕಬೇಕು.

ಹೆಪ್ಪುಗಟ್ಟಿದ ಸ್ಟೇಕನ್ನು ಅಡುಗೆಯ ಹಿಂದಿನ ದಿನವೇ ಫ್ರೀಜರಿನಿಂದ ಫ್ರಿಜ್ಜಿನ ಕೆಳ ಅರೆಗೆ ಇಳಿಸಿ ಪೂರ್ತಿ ಒಂದು ದಿನ ಬಿಡಬೇಕು. ಬಿಸಿನೀರು, ಮೈಕ್ರೋವೇವ್ ಕೂಡದು. ರಸ ಇಳಿದುಹೋಗುತ್ತದೆ, ನೆಣ ಕರಗಲಾರಂಭಿಸುತ್ತದೆ. ಒಲೆಯ ಮೇಲಿಡುವ ಇಪ್ಪತ್ತು ನಿಮಿಷ ಮುಂಚೆ ಹೊರಗಿಟ್ಟು, ಕಾಗದದಿಂದ ತೇವ ಒತ್ತಿ ತೆಗೆದು, ಬಾಣಲೆಗೆ ಹಾಕುವ ಹೊತ್ತಿಗೆ ಸರಿಯಾಗಿ ಉಪ್ಪು ಉದುರಿಸಬೇಕು.

ಬೀಡಿನ ಕಾವಲಿ ಇದ್ದರೆ ಅದೇ ಶ್ರೇಷ್ಠ. ಎಣ್ಣೆ ಬೇಡ, ಜಪಾನಿನ ಅಂಗಡಿಗಳಲ್ಲಿ ಮಾಂಸದ ಸಾಲಿನ ಬಳಿ ಪುಕ್ಕಟೆಯಾಗಿ ಇಟ್ಟಿರುವ ದನದ ಕೊಬ್ಬಿನ ತುಣುಕನ್ನೋ ಸ್ಟೇಕಿನ ಅಂಚಿನಿಂದ ಕತ್ತರಿಸಿದ ಕೊಬ್ಬನ್ನೋ ಕಾವಲಿಗೆ ಸವರಿದರಾಯಿತು. ಕಾವಲಿ ಚೆನ್ನಾಗಿ ಕಾದ ಮೇಲೆ ಸ್ಟೇಕನ್ನು ಇಟ್ಟು, ಅಲುಗಾಡಿಸದೆ ಒಂದು ಬದಿಗೆ ಒಂದರಿಂದ ಒಂದೂವರೆ ನಿಮಿಷ ಬಿಟ್ಟು, ಕಂದು ಹೊರಪದರ ಕಟ್ಟಿದ ಮೇಲೆ ಮಗುಚಬೇಕು. ಕರಗಿದ ನೆಣ ಕೆರೆಕಟ್ಟಿ ನಿಂತು ಮಾಂಸ ಕರಿದಂತಾಗಬಾರದು. ಹೆಚ್ಚಾದದ್ದನ್ನು ಬಟ್ಟಲಿಗೆ ಬಸಿದುಕೊಳ್ಳುತ್ತಿರಬೇಕು. ಈ ಮಾಂಸವನ್ನು ಅರೆಬರೆ ಹಸಿಯಾಗಿ ಬಿಡುವುದು ಒಳ್ಳೆಯದಲ್ಲ, ನೆಣ ಕರಗದೆ ಮೇಣದಂತೆ ಅಂಟುತ್ತದೆ. ತಾಪಮಾಪಕ ಇದ್ದವರು ನಡುವಿನ ಬಿಸಿ 55 ಡಿಗ್ರಿಯ ಆಸುಪಾಸಿಗೆ ಬಂದಾಗ ಇಳಿಸಬಹುದು. ಕಿಟಕಿ ತೆರೆದಿರಲಿ, ಹೊಗೆ ಹೆಚ್ಚು. ಮೂರು ನಿಮಿಷ ಬಿಟ್ಟು, ಎಳೆಗಳಿಗೆ ಅಡ್ಡಲಾಗಿ ಬೆರಳಗಲದ ಹೋಳುಗಳನ್ನು ಮಾಡಿ, ಉಪ್ಪು, ವಾಸಾಬಿ ಎಂಬ ಖಾರದ ಹಸಿರು ಮುದ್ದೆ, ತುರಿದ ಮೂಲಂಗಿ, ನಿಂಬೆರಸ ಬೆರೆಸಿದ ಸೋಯಾ ಸಾಸ್ ಜೊತೆ ಬಿಸಿ ಅನ್ನದೊಡನೆ ಬಡಿಸಬೇಕು.

ಮೊದಲ ಬಾರಿಗೆ ಸ್ಟೇಕಿಗಿಂತ ಸುಕಿಯಾಕಿಯೇ ಸುಲಭವೆಂದು ನನ್ನ ಭಾವನೆ. ಒಸಾಕಾ ಕಡೆಯ ಕ್ರಮದಲ್ಲಿ ಕೊಬ್ಬು ಸವರಿದ ಬಾಣಲೆಯಲ್ಲಿ ಹೋಳುಗಳನ್ನು ಹರಡಿ, ಸಕ್ಕರೆ ಉದುರಿಸಿ, ಸೋಯಾ ಸಾಸ್ ಹನಿಸಿ ಮೊದಲ ಸುತ್ತಿನ ಮಾಂಸವನ್ನು ಹಾಗೆಯೇ ತಿನ್ನುತ್ತಾರೆ. ಆಮೇಲೆ ಈರುಳ್ಳಿ ದಂಟು, ಅಣಬೆ, ತೋಫು, ಎಲೆಕೋಸು ಸೇರುತ್ತವೆ. ಟೋಕಿಯೊ ಕಡೆ ಸಾಸನ್ನು ಮೊದಲೇ ಕುದಿಸಿಟ್ಟು ಸುರಿಯುತ್ತಾರೆ. ಅದರಲ್ಲಿ ಮಿರಿನ್, ಸಾಕೆ ಇರುವುದರಿಂದ ಮದ್ಯ ಬೇಡದವರು ಸಕ್ಕರೆ ಮತ್ತು ಸೋಯಾದಲ್ಲಿಯೇ ಮುಗಿಸಬೇಕು. ಅದ್ದಿಕೊಳ್ಳಲು ಇಡುವ ಹಸಿ ಮೊಟ್ಟೆಯನ್ನು ಜಪಾನಿನ ಹೊರಗೆ ಕೈಬಿಡುವುದು ಕ್ಷೇಮ.

ಮೆಣಸು ಮಸಾಲೆ ಹುರಿದು ಸುಕ್ಕಾ ಮಾಡಲು ವಾಗ್ಯು ಸ್ಟೇಕನ್ನು ಬಳಸಬಾರದು. ನಮ್ಮ ಮಸಾಲೆಗೆ ಹೊತ್ತು ಹಿಡಿದು ಬೇಯುವ, ಎಲುಬುಳ್ಳ ಗಟ್ಟಿ ಮಾಂಸವೇ ಬೇಕು; ಹಟವಿದ್ದರೆ ಕಿರಿಒತೊಶಿಯಲ್ಲಿ ಕರಿಮೆಣಸಿನ ಪಲ್ಯವೊಂದನ್ನು ಮಾಡಬಹುದು, ಒಗ್ಗರಣೆಗೆ ಎಣ್ಣೆ ಹಾಕದೆ. ಬಟ್ಟಲಿಗೆ ಬಸಿದಿಟ್ಟ ನೆಣವನ್ನು ಚೆಲ್ಲಬೇಕಾಗಿಲ್ಲ. ಬೆಳ್ಳುಳ್ಳಿಯ ತೆಳು ಬಿಲ್ಲೆಗಳನ್ನು ಅದರಲ್ಲಿ ಗರಿಗರಿಯಾಗಿಸಿ, ತಣ್ಣಗಿನ ಅನ್ನ ಹಾಕಿ, ಸೋಯಾ ಸಾಸ್ ಒಂದು ಚಮಚ ಬಿಟ್ಟು ಹುರಿದರೆ, ಕಾದ ಕಬ್ಬಿಣದ ಹಲಗೆಯ ಮೇಲೆ ಬೇಯಿಸಿ ಕೊಡುವ ಜಪಾನಿನ ತೆಪ್ಪನ್‌ಯಾಕಿ ಹೋಟೆಲುಗಳಲ್ಲಿ ಕೊನೆಗೆ ಬಡಿಸುವ ಬೆಳ್ಳುಳ್ಳಿ ಅನ್ನ ಸಿದ್ಧವಾಗುತ್ತದೆ. ಅನ್ನ ಮಾಡಿದ ಮೇಲೂ ನೆಣ ಮಿಕ್ಕರೆ ಸೋಸಿ ಮುಚ್ಚಳವಿರುವ ಗಾಜಿನ ಪಾತ್ರೆಯಲ್ಲಿ ಫ್ರಿಜ್ಜಿನಲ್ಲಿಟ್ಟು, ಕೆಲವು ದಿನಗಳೊಳಗೆ ಆಲೂಗಡ್ಡೆ ಹುರಿಯಲು ಬಳಸಬೇಕು.